ನೆಲನೆಲ್ಲಿ ಕುಡಿದರೆ ಕಾಮಾಲೆ ಹೋಗುತ್ತದಾ?

"ಡಾಕ್ಟ್ರೇ, ನಾಟಿ ಮದ್ದು ತಗೊಂಡೆ, ಹದಿನೈದು ದಿನಕ್ಕೆ ಕಣ್ಣು ಬೆಳ್ಳಗಾಯ್ತು."

ಈ ಮಾತು ಕೇಳದೆ ನನ್ನ ಒಂದು ಮಳೆಗಾಲವೂ ಕಳೆಯುವುದಿಲ್ಲ. ಯಾವ ಮದ್ದು ಅಂದರೆ ಹೆಚ್ಚಿನವರು ಹೇಳುವುದು ನೆಲನೆಲ್ಲಿ. ನಾಲ್ಕು ಹನಿ ಬಿದ್ದರೆ ಹಿತ್ತಲಲ್ಲಿ ತಾನಾಗಿ ಹುಟ್ಟುವ ಗಿಡ. ಕಡ್ಡಿ ತಿರುಗಿಸಿ ನೋಡಿ, ಎಲೆಗಳ ಅಡಿಯಲ್ಲಿ ಪುಟಾಣಿ ನೆಲ್ಲಿಕಾಯಿಗಳ ಸಾಲು. ಬೇರು ಸಮೇತ ಕಿತ್ತು, ತೊಳೆದು, ನುಣ್ಣಗೆ ಅರೆದು, ಮಜ್ಜಿಗೆಯಲ್ಲಿ ಕದಡಿ ಖಾಲಿ ಹೊಟ್ಟೆಗೆ ಕುಡಿಸುತ್ತಾರೆ. ಜೊತೆಗೆ ಎಣ್ಣೆ, ಖಾರ ಬಿಡಿಸುವ ಪಥ್ಯ.

ಹಳದಿ ಇಳಿದದ್ದು ನಿಜವೇ. ಇಳಿಸಿದ್ದು ಯಾರು ಅನ್ನುವುದಷ್ಟೇ ಪ್ರಶ್ನೆ. ಕಾಮಾಲೆ ತರುವ ಲಿವರ್‌ನ ವೈರಸ್ ಸೋಂಕುಗಳಲ್ಲಿ, ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ವಾಸಿಯಾಗುತ್ತವೆ. ಅವಕ್ಕೆ ನಾನೂ ಸಾಮಾನ್ಯವಾಗಿ ವಿಶೇಷ ಮಾತ್ರೆ ಏನೂ ಕೊಡುವುದಿಲ್ಲ!

ಹೆಪಟೈಟಿಸ್ ಬಿ ಹಾಗಲ್ಲ. ಕೆಲವರಲ್ಲಿ ಅದು ವರ್ಷಗಟ್ಟಲೆ ಸದ್ದಿಲ್ಲದೆ ಕೂತು ಲಿವರ್ ಹಾಳು ಮಾಡುತ್ತದೆ. 1988ರಲ್ಲಿ ಮದ್ರಾಸಿನ ಸಂಶೋಧಕರು ಇಂಥವರಿಗೇ ನೆಲನೆಲ್ಲಿ ಕೊಟ್ಟು ನೋಡಿದರು. ಈ ವೈರಸ್ ಪತ್ತೆ ಮಾಡಿ ನೊಬೆಲ್ ಪಡೆದ ಬ್ಲಂಬರ್ಗ್ ಕೂಡ ಆ ತಂಡದಲ್ಲಿದ್ದರು. 30 ದಿನ ಮದ್ದು ತಗೊಂಡ 37 ಜನರಲ್ಲಿ 22 ಮಂದಿಯ ರಕ್ತದಲ್ಲಿ ವೈರಸ್‌ನ ಗುರುತು ಸಿಗಲಿಲ್ಲ. ಸುಮ್ನೆ ಹುಸಿ ಮದ್ದು ತಗೊಂಡ 23 ಜನರಲ್ಲಿ ಹಾಗಾದದ್ದು ಒಬ್ಬರಿಗೆ ಮಾತ್ರ. ಯಾರಿಗಾದರೂ ಆಸೆ ಹುಟ್ಟುತ್ತದೆ, ಅಲ್ವಾ? ಆಮೇಲೆ ಥಾಯ್ಲೆಂಡ್, ನ್ಯೂಜಿಲೆಂಡ್‌ಗಳಲ್ಲಿ ಪರೀಕ್ಷಿಸಿದಾಗ ಆ ಫಲ ಮತ್ತೆ ಸಿಗಲಿಲ್ಲ.

ಗಿಡ ಅಂದ ಮಾತ್ರಕ್ಕೆ ತಳ್ಳಿಹಾಕುವವನು ನಾನಲ್ಲ. ಮಲೇರಿಯಾಕ್ಕೆ ಕೊಡುವ ಆರ್ಟೆಮಿಸಿನಿನ್ ಎಂಬ ಮದ್ದು ಬಂದದ್ದೂ ಚೀನಾದ ಒಂದು ಗಿಡದಿಂದಲೇ. ಅದು ಪರೀಕ್ಷೆಯಲ್ಲಿ ಮತ್ತೆ ಮತ್ತೆ ಗೆದ್ದಿತು, ನೆಲನೆಲ್ಲಿ ಇನ್ನೂ ಗೆದ್ದಿಲ್ಲ. ಏನೇನು ಬೆರೆಸಿದ್ದಾರೋ ಗೊತ್ತಿಲ್ಲದ ಪುಡಿ ಮಾತ್ರ ಬೇಡವೇ ಬೇಡ. ಕೆಲವು ಗಿಡಮೂಲಿಕೆಗಳು ಲಿವರ್‌ಗೇ ಪೆಟ್ಟು ಕೊಡುತ್ತವೆ. ಗರ್ಭಿಣಿಗೆ ಕಾಮಾಲೆ ಬಂದರೆ, ರೋಗಿ ಮಂಕಾಗಿ ಏನೇನೋ ಮಾತಾಡತೊಡಗಿದರೆ, ಒಂದು ದಿನವೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಉಳಿದವರಿಗೆ ನಾನು ಹೇಳುವುದು ಇಷ್ಟೇ: ಮೊದಲು ರಕ್ತ ಕೊಟ್ಟು ಹೋಗಿ. ಬಿ ಅಂತ ಬಂದರೆ ಮನೆಯವರನ್ನೂ ಪರೀಕ್ಷಿಸಬೇಕು, ವೈರಸ್ ಇಲ್ಲದವರಿಗೆ ಲಸಿಕೆ ಹಾಕಿಸಬೇಕು. ರೋಗಿಯ ರಕ್ತವನ್ನು ಆರು ತಿಂಗಳಾದ ಮೇಲೆ ಮತ್ತೊಮ್ಮೆ ನೋಡಬೇಕು. ಆಗಲೂ ವೈರಸ್ ಇದ್ದರೆ, ಅದನ್ನು ಹತೋಟಿಯಲ್ಲಿಡುವ ಮಾತ್ರೆಗಳಿವೆ. ತಾರೀಕು ಬರೆದು ಚೀಟಿ ಕೊಡುತ್ತೇನೆ. ಕಣ್ಣು ಬೆಳ್ಳಗಾದವರಲ್ಲಿ ಆ ಚೀಟಿ ಹಿಡಿದು ವಾಪಸ್ ಬರುವವರು ಕಡಿಮೆ.