ಕ್ರಿಸ್ಟಲ್ ಪ್ಯಾಲೆಸ್ ಹೊರಗಿನ ಜಾತ್ರೆ

ಪ್ರಶ್ನೆ: ದೇಶ ವಿದೇಶಗಳ ಸರಕು ತೋರಿಸಿದ 1851ರ ಲಂಡನ್ ಮಹಾ ಪ್ರದರ್ಶನ ಅಂದರೆ ಎಲ್ಲರೂ ಅದು ನಡೆದ ಗಾಜಿನ ಅರಮನೆ (ಕ್ರಿಸ್ಟಲ್ ಪ್ಯಾಲೆಸ್), ಯಂತ್ರಗಳು, ಕೊಹಿನೂರ್ ಅಂತಾರೆ. ಹೊರಗಿನ ಬೀದಿಗಳಲ್ಲಿ ಜನಕ್ಕೆ ಏನಾದರೂ ಮಜಾ ಇತ್ತಾ?

ಇತ್ತು, ಜಾಸ್ತಿಯೇ ಇತ್ತು. ಒಳಗೆ ಎಲ್ಲ ಶಿಸ್ತು. ಹೈಡ್ ಪಾರ್ಕಿನ ಆ ಪ್ರದರ್ಶನ ಹೊರಟಿದ್ದೇ ಜನಕ್ಕೆ ತಿಳುವಳಿಕೆ ಕೊಡಲು. ಹೆಂಡ ಸಿಗುತ್ತಿರಲಿಲ್ಲ, ಶ್ವೆಪ್ಸ್ ಕಂಪನಿಯ ಸೋಡಾ ಕುಡಿಯಬೇಕು. ಕೂಲಿಕಾರರಿಗೆ ಬಿಡುವಿರುವ ಭಾನುವಾರವೇ ಬಾಗಿಲು ಬಂದ್! ಮೇ 1ಕ್ಕೆ ಶುರುವಾದರೂ ಒಂದು ಶಿಲ್ಲಿಂಗ್‌ನ ಅಗ್ಗದ ಟಿಕೆಟ್ ಬಂದಿದ್ದು ಮೇ 26ರಿಂದ, ಅದೂ ಸೋಮವಾರದಿಂದ ಗುರುವಾರದವರೆಗೆ ಮಾತ್ರ. ಅಕ್ಟೋಬರ್‌ನಲ್ಲಿ ಮುಗಿಯುವ ಹೊತ್ತಿಗೆ ಸುಮಾರು 60 ಲಕ್ಷ ಸಲ ಜನ ಒಳಗೆ ಹೋಗಿ ಬಂದಿದ್ದರು. ಅಷ್ಟು ಜನ ಊರಲ್ಲಿದ್ದಾಗ ಆಟ ತೋರಿಸುವವರು ಸುಮ್ನೆ ಕೂರುತ್ತಾರಾ?

ಬೀದಿಯ ರಾಜ ಪಂಚ್ ಎಂಬ ಗೊಂಬೆ. ಕೊಕ್ಕಿನ ಮೂಗು, ಕೈಯಲ್ಲಿ ದೊಣ್ಣೆ, ಸಿಕ್ಕವರಿಗೆಲ್ಲ ಏಟು, ಹೆಂಡತಿ ಜೂಡಿಯನ್ನೂ ಬಿಡುವುದಿಲ್ಲ. ಈ ಕೈಗೊಂಬೆ ಆಟಕ್ಕೆ ಇಬ್ಬರು ಬೇಕು. ಒಬ್ಬ ಬಟ್ಟೆಯ ಗೂಡಿನೊಳಗೆ ನಿಂತು, ಬಾಯೊಳಗೆ ಸಣ್ಣ ಪೀಪಿ ಇಟ್ಟುಕೊಂಡು ಪಂಚ್‌ನ ಕೀರಲು ದನಿ ತೆಗೆಯುತ್ತಾನೆ. ಇನ್ನೊಬ್ಬ ಹೊರಗೆ ಡೋಲು ಬಡಿದು ಜನ ಸೇರಿಸುತ್ತಾನೆ, ದುಡ್ಡೆತ್ತುತ್ತಾನೆ. ನನಗೆ ಕೇಳಿದರೆ ಈ ಎರಡನೆಯವನದೇ ಕಷ್ಟದ ಕೆಲಸ. ಆಟ ಮುಗಿಯುವ ಮುಂಚೆ ಕೈ ಚಾಚಬೇಕು, ಇಲ್ಲದಿದ್ದರೆ ಜನ ಮಾಯ. ಬೀದಿ ಬದುಕನ್ನು ಬರೆದಿಟ್ಟ ಪತ್ರಕರ್ತ ಹೆನ್ರಿ ಮೇಹ್ಯೂ ಹತ್ತಿರ ಒಬ್ಬ ಪಂಚ್ ಆಟಗಾರ ಹೇಳಿದ್ದುಂಟು: ಲಂಡನ್ನಿನಲ್ಲಿ ಎಲ್ಲಕ್ಕಿಂತ ಒಳ್ಳೆಯ ಜಾಗ ಲೆಸ್ಟರ್ ಸ್ಕ್ವೇರ್, ಯಾಕೆಂದರೆ ಅಲ್ಲಿ ಎಲ್ಲ ಥರದ ಜನ ಓಡಾಡುತ್ತಾರೆ. ಬೀದಿಗಿಂತ ದೊಡ್ಡವರ ಮನೆಗೆ ಕರೆದು ಆಡಿಸಿದಾಗ ಕಾಸು ಜಾಸ್ತಿ.

ಅದೇ ಲೆಸ್ಟರ್ ಸ್ಕ್ವೇರಿನ ನಟ್ಟನಡುವೆ ನಕ್ಷೆಗಳ ವ್ಯಾಪಾರಿ ಜೇಮ್ಸ್ ವೈಲ್ಡ್ 1851ರಲ್ಲಿ ಸುಮಾರು 60 ಅಡಿಯ ಭೂಗೋಳ ಕಟ್ಟಿಸಿದ. ಅದನ್ನು ಹೊರಗಿನಿಂದ ನೋಡುವುದಲ್ಲ. ಒಳಗೆ ಹೋಗಿ ಮೆಟ್ಟಿಲು ಹತ್ತುತ್ತಾ, ಗೋಡೆಯ ಒಳಮೈ ಮೇಲೆ ಮೂಡಿಸಿದ ಬೆಟ್ಟ, ಕಡಲುಗಳನ್ನು ನೋಡಬೇಕು. ಭೂಮಿಯ ಹೊಟ್ಟೆಯಲ್ಲಿ ನಿಂತು ಭೂಮಿ ನೋಡುವ ಐಡಿಯಾ, ತಮಾಷೆ ಅಲ್ವಾ? ಇತ್ತ ಕೆನ್ಸಿಂಗ್ಟನ್‌ನಲ್ಲಿ ಬ್ಯಾಟಿ ಎಂಬ ಸರ್ಕಸ್ ಮಾಲೀಕ ಹಿಪ್ಪೊಡ್ರೋಮ್ ಎಂಬ ಬಯಲು ಆಟದ ಅಂಗಣ ತೆರೆದು ರಥದ ಓಟ, ಬಲೂನು ಹಾರಾಟ ಇಟ್ಟ.

ಎಲ್ಲರಿಗೂ ಲಾಭ ಆಗಲಿಲ್ಲ. ಹೆಸರಾಂತ ಬಾಣಸಿಗ ಅಲೆಕ್ಸಿ ಸೊಯೆ, ಪಾರ್ಕಿನ ಎದುರಿನ ಗೋರ್ ಹೌಸ್‌ನಲ್ಲಿ ಎಲ್ಲ ದೇಶಗಳ ಊಟದ ಭರ್ಜರಿ ಹೋಟೆಲ್ ತೆರೆದು ಸುಮಾರು 7,000 ಪೌಂಡ್ ಕಳೆದುಕೊಂಡ. ಆದರೆ ಮಹಾ ಪ್ರದರ್ಶನಕ್ಕೆ ಲಾಭವಾಗಿ ಉಳಿದಿದ್ದು ಸುಮಾರು 1,86,000 ಪೌಂಡ್. ಆ ದುಡ್ಡಿನಲ್ಲಿ ಕೊಂಡ ಜಾಗಗಳಲ್ಲಿ ಗೋರ್ ಹೌಸ್ ಕೂಡ ಒಂದು. ಅಲ್ಲೀಗ ರಾಯಲ್ ಆಲ್ಬರ್ಟ್ ಹಾಲ್ ಇದೆ.