ಹಾಡೋಕೆ ಬಂದರೆ ಸಾಕಾ? ಸಂಗೀತಶಾಸ್ತ್ರದ ಎಂ.ಎ. ಹಿಂದಿನ ಕತೆ

ಸಂಗೀತದ ಎಂ.ಎ.ಗೆ ಸೇರುವವರು ಬಹುತೇಕ ಹಾಡೋಕೆ, ನುಡಿಸೋಕೆ ಬಂದವರೇ. ಕೃತಿ, ಪಲ್ಲವಿ ಎಲ್ಲ ಸಲೀಸು. ಶಾಸ್ತ್ರದ, ಅಂದರೆ ಸಂಗೀತದ ಚರಿತ್ರೆ, ನಿಯಮ, ಗ್ರಂಥಗಳ ಪೇಪರ್ ಹತ್ತಿರ ಬಂದಾಗ ಮಾತ್ರ ಸೀನಿಯರ್‌ಗಳ ನೋಟ್ಸ್‌ಗೆ ಹುಡುಕಾಟ. ಅದಕ್ಕೆ ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ನಮ್ಮಲ್ಲಿ ಈ ಓದು ಶುರುವಾಗಿದ್ದೇ ಹಾಗೆ.

ಯುರೋಪಿನಲ್ಲಿ ಆದದ್ದು ಬೇರೆ. 1885ರಲ್ಲಿ ಆಸ್ಟ್ರಿಯಾದ ವಿದ್ವಾಂಸ ಗೈಡೊ ಆಡ್ಲರ್ ಸಂಗೀತದ ಅಧ್ಯಯನವನ್ನು ಎರಡು ಪಾಲು ಮಾಡಿದ. ಒಂದು ಚರಿತ್ರೆ, ಇನ್ನೊಂದು ಸಂಗೀತದ ನಿಯಮಗಳು. ಕಛೇರಿ ಮಾಡುವುದು ಈ ಲೆಕ್ಕದಲ್ಲಿ ಇರಲೇ ಇಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ 1930ರಲ್ಲಿ ಈ ವಿಷಯಕ್ಕೆ ಪ್ರಾಧ್ಯಾಪಕರನ್ನು ನೇಮಿಸಿತು. ಎರಡೇ ವರ್ಷದಲ್ಲಿ ಅಲ್ಲಿಂದ ಈ ವಿಷಯದಲ್ಲಿ ಆ ದೇಶದ ಮೊದಲ ಪಿಎಚ್.ಡಿ. ಬಂತು.

ಅದೇ 1932ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಭಾರತೀಯ ಸಂಗೀತದ ವಿಭಾಗ ತೆರೆಯಿತು. ಅಷ್ಟರಲ್ಲಿ ಅದೇ ಊರಿನ ಮ್ಯೂಸಿಕ್ ಅಕಾಡೆಮಿ ಹುಟ್ಟಿ ನಾಲ್ಕು ವರ್ಷವಾಗಿತ್ತು. ಅಲ್ಲಿ ಹಾಡುವ ವಿದ್ವಾಂಸರೂ ಗ್ರಂಥ ಓದಿದ ಪಂಡಿತರೂ ಒಟ್ಟಿಗೆ ಕೂತು ರಾಗಲಕ್ಷಣ, ಅಂದರೆ ಯಾವ ರಾಗಕ್ಕೆ ಯಾವ ಸ್ವರ, ಯಾವ ನಡೆ ಅನ್ನೋದನ್ನು ಚರ್ಚಿಸುತ್ತಿದ್ದರು. ಗ್ರಂಥದಲ್ಲಿ ಹೀಗಿದೆ ಅಂತ ಒಬ್ಬರು, ಹಾಡುವಾಗ ಹಾಗೆ ಬರಲ್ಲ ಅಂತ ಇನ್ನೊಬ್ಬರು. ನನ್ನ ಮಟ್ಟಿಗೆ ನಮ್ಮ ಸಂಗೀತಶಾಸ್ತ್ರದ ಅಸಲಿ ತರಗತಿ ಅದೇ! ಆದರೆ ಕಾಲೇಜಿಗೆ ಬೇಕಾಗಿದ್ದದ್ದು ಹಾಡು ಕಲಿಸಬಲ್ಲ ಮೇಷ್ಟ್ರುಗಳು. ಹಾಗಾಗಿ ಹಾಡುಗಾರಿಕೆ ಮುಂದೆ ಬಂತು, ಶಾಸ್ತ್ರ ಒಂದೆರಡು ಪೇಪರ್ ಆಗಿ ಹಿಂದೆ ಉಳಿಯಿತು. ಶಾಸ್ತ್ರಕ್ಕೇ ಬೇರೆ ವಿಭಾಗ ಅಂತ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಬಂದದ್ದು 1966ರಲ್ಲಿ, ಪ್ರೇಮಲತಾ ಶರ್ಮಾ ಅವರ ಮುಂದಾಳತ್ವದಲ್ಲಿ.

ಮೈಸೂರಿನ ಕತೆ ಇನ್ನೂ ಸ್ವಾರಸ್ಯ. ಇಲ್ಲಿನ ದೊಡ್ಡ ಸಂಗೀತಶಾಸ್ತ್ರಜ್ಞ ರಾ. ಸತ್ಯನಾರಾಯಣ ಓದಿದ್ದು, ಪಾಠ ಮಾಡಿದ್ದು ರಸಾಯನಶಾಸ್ತ್ರ. ನಮ್ಮದೇ ಸಾತನೂರಿನ ಪುಂಡರೀಕ ವಿಠಲನ ಸಂಗೀತ-ನೃತ್ಯದ ಗ್ರಂಥ 'ನರ್ತನನಿರ್ಣಯ'ವನ್ನು ಸಂಪಾದಿಸಿ ಕೊಟ್ಟವರು ಅವರೇ.

ಪಿಎಚ್.ಡಿ.ಗೆ ಬಂದಾಗ ಶಾಸ್ತ್ರದ ಓದಿನ ಈ ಕೊರತೆ ಸರಿಯಾಗಿ ಕಾಡುತ್ತದೆ. ವೆಂಕಟಮಖಿಯ 'ಚತುರ್ದಂಡೀ ಪ್ರಕಾಶಿಕೆ'ಯನ್ನೇ ತೆಗೆದುಕೊಳ್ಳಿ. 17ನೇ ಶತಮಾನದ ಗ್ರಂಥ. ಬರೆದವನು ತಂಜಾವೂರಿನಲ್ಲಿದ್ದ ಕನ್ನಡ ಮನೆತನದವನು. ಅದು ಅಚ್ಚಾದದ್ದು 1934ರಲ್ಲಿ. ಅದರಲ್ಲಿ ಬರುವ 72 ಮೇಳದ (ರಾಗಗಳನ್ನು ವಿಂಗಡಿಸುವ ಸ್ವರಶ್ರೇಣಿಗಳ) ಲೆಕ್ಕ ಸುಲಭ: ಶ್ರೇಣಿಯ ಮೊದಲರ್ಧವಾದ ಪೂರ್ವಾಂಗಕ್ಕೆ 6 ಬಗೆ, ಉಳಿದರ್ಧವಾದ ಉತ್ತರಾಂಗಕ್ಕೆ 6 ಬಗೆ, ಮಧ್ಯಮ ಸ್ವರ ಎರಡು. ಗುಣಿಸಿದರೆ ಮುಗಿಯಿತು. ಇಷ್ಟು ಪ್ರತಿ ವಿದ್ಯಾರ್ಥಿಗೂ ಗೊತ್ತು. ಆದರೆ ಅವನ ಕಾಲಕ್ಕೆ ಬಳಕೆಯಲ್ಲಿದ್ದ ಮೇಳ 19 ಮಾತ್ರ. ಮಿಕ್ಕ 53 ಆಗ ಬರೀ ಲೆಕ್ಕವಾಗಿದ್ದವು. ಇದನ್ನು ಕೇಳಿದರೆ ಎಷ್ಟೋ ಜನ ಹುಬ್ಬೇರಿಸುತ್ತಾರೆ. ಗ್ರಂಥದ ಹೆಸರಲ್ಲಿರುವ ನಾಲ್ಕು 'ದಂಡಿ'ಗಳು, ಅಂದರೆ ರಾಗವನ್ನು ತೋರಿಸುವ ದಾರಿಗಳು: ಗೀತ, ಠಾಯ (ಒಂದು ಸ್ವರವನ್ನು ಹಿಡಿದು ರಾಗ ಬೆಳೆಸುವ ಬಗೆ), ಆಲಾಪ, ಪ್ರಬಂಧ (ಒಂದು ಬಗೆಯ ಹಳೆಯ ಹಾಡಿನ ರಚನೆ). ಇದರಲ್ಲಿ ಠಾಯ ಇವತ್ತು ಯಾರ ಕಛೇರಿಯಲ್ಲೂ ಕೇಳಲ್ಲ. ಪ್ರಬಂಧದ ಅಧ್ಯಾಯ ಅರ್ಧಕ್ಕೇ ನಿಂತಿದೆ, ತಾಳದ ಅಧ್ಯಾಯ ಸಿಕ್ಕೇ ಇಲ್ಲ.

ಠಾಯಗಳ ಸ್ವರಲಿಪಿ ತಂಜಾವೂರಿನ ಸರಸ್ವತಿ ಮಹಲ್ ಹಸ್ತಪ್ರತಿಗಳಲ್ಲಿದೆ. ಅದನ್ನು ಓದೋಕೆ ಹಳೆಯ ಬರವಣಿಗೆಯ ಪರಿಚಯ ಬೇಕು, ಗ್ರಂಥಕ್ಕೆ ಸಂಸ್ಕೃತ ಬೇಕು, ಓದಿದ್ದನ್ನು ಹಾಡಿ ನೋಡೋಕೆ ಕಂಠವೂ ಬೇಕು. ಈಗ ಎಂ.ಎ.ಯಲ್ಲಿ ಸಿಗುವುದು ಕೊನೆಯದಕ್ಕೆ ಮಾತ್ರ ತರಬೇತಿ. ಮೊದಲಿನ ಎರಡನ್ನು ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದ ಮೇಲೆ ಕಲಿಯಲು ಕೂರಬೇಕು. ಎಂ.ಎ. ಮೊದಲ ವರ್ಷದಲ್ಲೇ ಒಂದು ಹಸ್ತಪ್ರತಿ ಕೈಗೆ ಕೊಟ್ಟು ಹಾಡಿಸಬಹುದಲ್ವಾ?