ಶಿಡ್ಲಘಟ್ಟದ ರೇಷ್ಮೆಗೂಡು ಹಿಡಿದು ಜಾಗತೀಕರಣ ಓದುವುದು

ಸಮಾಜಶಾಸ್ತ್ರದ ಉತ್ತರಗಳಲ್ಲಿ ಜಾಗತೀಕರಣ ಸಾಮಾನ್ಯವಾಗಿ 1991ರ ಆರ್ಥಿಕ ಉದಾರೀಕರಣಕ್ಕೆ ಶುರುವಾಗಿ ಮಾಲ್, ಪಿಜ್ಜಾ, ಮೊಬೈಲ್‌ಗೆ ಮುಗಿದುಹೋಗುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನು ಉದಾಹರಣೆಯಾಗಿ ತೆಗೆದುಕೊಂಡರೆ ಪರಿಕಲ್ಪನೆಗಳು ಕೈಗೆ ಸಿಗುತ್ತವೆ.

ಮೊದಲು ಕಾಲದ ಲೆಕ್ಕ. 1930ರ ದಶಕದಲ್ಲೇ ಜಪಾನಿನ ಅಗ್ಗದ ರೇಷ್ಮೆ ಮತ್ತು ರೇಯಾನ್ ಬಂದು ಮೈಸೂರು ಸಂಸ್ಥಾನದ ರೇಷ್ಮೆ ಬೆಳೆಗಾರರನ್ನು ನೆಲಕಚ್ಚಿಸಿದ್ದವು. 1991ರ ನಂತರ ಬದಲಾದದ್ದು ವೇಗ ಮತ್ತು ಆಳ. ಇನ್ನೊಂದು ತಪ್ಪು, ಆಧುನೀಕರಣವನ್ನೂ ಪಾಶ್ಚಾತ್ಯೀಕರಣವನ್ನೂ ಒಂದೇ ಎಂದು ಬರೆಯುವುದು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಬ್ರಿಟಿಷ್ ಆಳ್ವಿಕೆಯ ಪ್ರಭಾವಕ್ಕೆ ಪಾಶ್ಚಾತ್ಯೀಕರಣ ಎಂಬ ಪದ ಬಳಸಿದರು. ರೇಷ್ಮೆಯ ವಿಷಯದಲ್ಲಿ ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆಯ ತಳಿ) ಹುಳು ಸಾಕಣೆಯ ತಂತ್ರಜ್ಞಾನಕ್ಕೆ ಜಪಾನಿನ ನೆರವಿತ್ತು, ಬೆಲೆಯ ಒತ್ತಡ ಬರುವುದು ಚೀನಾದಿಂದ. ಇದಕ್ಕೆ ಆ ಪದ ಹೊಂದುವುದಿಲ್ಲ.

ಬ್ರಿಟಿಷ್ ಸಮಾಜಶಾಸ್ತ್ರಜ್ಞ ಆಂಥೊನಿ ಗಿಡೆನ್ಸ್ ಹೇಳುವ ‘ತಜ್ಞ ವ್ಯವಸ್ಥೆಯ ಮೇಲಿನ ನಂಬಿಕೆ’ಗೆ, ರೇಷ್ಮೆಚಿಟ್ಟೆ ಮೊಟ್ಟೆ ಇಟ್ಟ ಹಾಳೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ರೈತರು ‘ನೂರು ಮೊಟ್ಟೆ’ ಎನ್ನುವುದು ನೂರು ಚಿಟ್ಟೆಗಳು ಇಟ್ಟದ್ದಕ್ಕೆ, ಅಂದರೆ ಸುಮಾರು 40ರಿಂದ 50 ಸಾವಿರ ಮರಿಗಳಿಗೆ. ರೇಷ್ಮೆಹುಳುವಿನ ಗಂಟು ರೋಗ ತಾಯಿಚಿಟ್ಟೆಯಿಂದ ಮೊಟ್ಟೆಗೆ ದಾಟುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನವನ್ನು ಲೂಯಿ ಪಾಶ್ಚರ್ 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ರೂಪಿಸಿದ. ಶಿಡ್ಲಘಟ್ಟದ ರೈತ ಮೊಟ್ಟೆ ಕೊಳ್ಳುವಾಗ ನಂಬುವುದು ತನ್ನ ಕಣ್ಣನ್ನಲ್ಲ, ತಾನು ಎಂದೂ ನೋಡದ ಆ ಪರೀಕ್ಷೆಯನ್ನು. ಪರೀಕ್ಷೆ ಸಡಿಲವಾದರೆ ಇಡೀ ಬೆಳೆ ಹೋಗುತ್ತದೆ.

ಈಗ ಮನೆಯೊಳಗೆ ಬರೋಣ. ಇಲ್ಲಿ ನಿಧಾನವಾಗಿ ಓದಬೇಕು. ಗೂಡಿನಿಂದ ನೂಲು ಬಿಚ್ಚುವ ಸ್ವಯಂಚಾಲಿತ ರೀಲಿಂಗ್ ಯಂತ್ರಗಳಲ್ಲಿ ಬಹಳಷ್ಟು ಚೀನಾದವು. ಅವಕ್ಕೆ ಒಂದೇ ಗಾತ್ರದ, ಎಳೆ ಕಡಿಯದ ಗೂಡು ಬೇಕು. ಅಂಥ ಗೂಡು ಕಟ್ಟುವುದು ದ್ವಿತಳಿ ಹುಳು. ಅದು ಮಿಶ್ರತಳಿಗಿಂತ ನಾಜೂಕು. ಬೆಳೆದ ಹುಳುವಿಗೆ 24–26 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇ 70ರ ಆಸುಪಾಸಿನ ತೇವಾಂಶ ಬೇಕು. ಸೆಕೆ, ತೇವ ಹೆಚ್ಚಾಗಿ ಸೊಪ್ಪು ಕೆಟ್ಟರೆ ಸಪ್ಪೆ ರೋಗ, ತಂಪು, ತೇವ ಸೇರಿದರೆ ಸುಣ್ಣಕಟ್ಟು ರೋಗ. ಹೀಗಾಗಿ ಅಡುಗೆ ಹೊಗೆ, ಜನರ ಓಡಾಟವಿರುವ ವಾಸದ ಮನೆಯಲ್ಲಿ ತಟ್ಟೆ ಜೋಡಿಸಿ ಸಾಕುವುದು ನಡೆಯದಾಗಿ, ಪ್ರತ್ಯೇಕ ಹುಳುಮನೆ ಎದ್ದಿತು. ಎರಡನೇ ಜ್ವರದವರೆಗೆ, ಅಂದರೆ ಹುಳು ಎರಡನೇ ಸಲ ಪೊರೆ ಬಿಡುವವರೆಗೆ, ಚಾಕಿ (ಎಳೆಹುಳು) ಕೇಂದ್ರದವರೇ ಮರಿ ಸಾಕಿ ಕೊಡುತ್ತಾರೆ. ಹೆಣ್ಣುಮಕ್ಕಳು ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕುತ್ತಿದ್ದ ಕೆಲಸ ಮನೆಯಿಂದ ಹೊರಗೆ ಹೋಯಿತು. ಅದರ ಜೊತೆಗೆ ಆ ಕೆಲಸದ ತಿಳಿವಳಿಕೆಯೂ ಹೋಯಿತು, ಮತ್ತು ಈ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಯಂತ್ರದ ಅಳತೆಯೊಂದು ಮನೆಯ ಗೋಡೆಯನ್ನೂ ಕುಟುಂಬದ ಶ್ರಮ ವಿಭಜನೆಯನ್ನೂ ಹೀಗೆ ಬದಲಿಸುತ್ತದೆ. ಪರೀಕ್ಷೆಯ ಉತ್ತರದಲ್ಲಿ ‘ಪ್ರಮಾಣೀಕರಣ’ (ಎಲ್ಲವನ್ನೂ ಒಂದೇ ಅಳತೆಗೆ ತರುವುದು) ಎಂದು ಬರೆದು ಈ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ತೋರಿಸಿ.

ಸರಕಿನ ಜೊತೆ ಕೀಟವೂ ಬರುತ್ತದೆ. ರೇಷ್ಮೆಹುಳುವಿನ ಮೇಲೆ ಮೊಟ್ಟೆ ಇಟ್ಟು ಅದನ್ನು ಕೊಲ್ಲುವ ಊಜಿ ನೊಣ 1980ರಲ್ಲಿ ಪಶ್ಚಿಮ ಬಂಗಾಳದಿಂದ ಕರ್ನಾಟಕಕ್ಕೆ ಬಂತು. ಹುಳುಮನೆಯ ಕಿಟಕಿಗೆಲ್ಲ ಪರದೆ ಬಿದ್ದದ್ದು ಅದರಿಂದ.

ಬೆಲೆಯ ದಾರಿ ಹೀಗೆ. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ 5ಕ್ಕೆ ಇಳಿಸಿತು, 2013ರಲ್ಲಿ ಅದು ಶೇ 15 ಆಯಿತು. ಚೀನಾದ ನೂಲು ಗಟ್ಟಿ, ಮಗ್ಗದ ಹಾಸು ಎಳೆಗೆ (ಉದ್ದನೆಯ ಎಳೆಗೆ) ಸಲ್ಲುತ್ತದೆ. ಅದು ಅಗ್ಗವಾದರೆ ನೇಕಾರ ಅತ್ತ ವಾಲುತ್ತಾನೆ, ಗೂಡು ಕೊಂಡು ನೂಲು ತೆಗೆಯುವ ರೀಲರ್ ಹರಾಜಿನಲ್ಲಿ ಕೈ ಬಿಗಿ ಹಿಡಿಯುತ್ತಾನೆ, ರೈತ ಮಾರಲು ತಂದ ಗೂಡಿನ ರಾಶಿಗೆ ಬೆಲೆ ಇಳಿಯುತ್ತದೆ. ದೆಹಲಿಯ ಬಜೆಟ್ಟಿನ ಒಂದು ಸಾಲು ಮಾರುಕಟ್ಟೆಯಲ್ಲಿ ಗೂಡು ಸುರಿಯುವ ಜಾಲರಿಯವರೆಗೆ ತಲುಪುತ್ತದೆ.

ರೈತ ‘ಇವತ್ತು ಬೆಲೆ ಇಲ್ಲ, ಮುಂದಿನ ತಿಂಗಳು ಮಾರುತ್ತೇನೆ’ ಎನ್ನುವಂತಿಲ್ಲ. ಹಣ್ಣಾದ (ಗೂಡು ಕಟ್ಟಲು ಸಿದ್ಧವಾದ) ಹುಳುವನ್ನು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟೆಗೆ, ಬಿಟ್ಟ ಐದರಿಂದ ಎಂಟು ದಿನದೊಳಗೆ ಗೂಡು ಬಿಡಿಸಬೇಕು. ಇನ್ನೊಂದು ವಾರ ಕಳೆದರೆ ಚಿಟ್ಟೆ ಗೂಡು ತೂತು ಮಾಡಿ ಹೊರಬರುತ್ತದೆ, ಆ ಗೂಡಿನಿಂದ ಎಳೆ ಬಿಚ್ಚಲಾಗದು. ಒಣಗಿಸಿ ಇಡುವ ಸೌಕರ್ಯ ಸಣ್ಣ ಬೆಳೆಗಾರನಿಗಿಲ್ಲ. ಜಗತ್ತಿನ ಬೆಲೆ ಕ್ಷಣಕ್ಷಣಕ್ಕೂ ಬದಲಾಗಬಹುದು, ಅದಕ್ಕಾಗಿ ಕಾಯಲು ಅವನಿಗಿರುವುದು ಒಂದೇ ವಾರ.